ಎರಡನೇ ಮಹಡಿಯ ಒಗ್ಗರಣೆ

ಮದುವೆ ಮಂಟಪದಲ್ಲಿ ಸೊಣ್ಣಮ್ಮನವರ ರೇಷ್ಮೆ ಸೀರೆಯಿಂದ ಈರುಳ್ಳಿ ಬಜ್ಜಿಯ ವಾಸನೆ ಬಂದದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ. ಪಕ್ಕದಲ್ಲಿ ಕೂತಿದ್ದ ಬೀಗಿತ್ತಿ ಮೂಗರಳಿಸಿ, "ಏನಕ್ಕಾ, ಅಡುಗೆ ಮನೆಯಿಂದ ಸೀದಾ ಎದ್ ಬಂದ್ಬುಟ್ರಾ?" ಎಂದಳಂತೆ. ಅಷ್ಟು ಸಾಕಾಯಿತು. ಮರುದಿನ ಬೆಳಿಗ್ಗೆ ಏಳಕ್ಕೇ ಸೊಣ್ಣಮ್ಮ ಎರಡನೇ ಮಹಡಿಯಿಂದ ಇಳಿದು ಬಂದು, ತಮ್ಮದೇ ಕಟ್ಟಡದ ಕೆಳಗೆ ಹೋಟೆಲು ನಡೆಸುತ್ತಿದ್ದ ವಿಜಯ್ ಕುಮಾರನ ಗಲ್ಲಾಪೆಟ್ಟಿಗೆಯ ಮುಂದೆ ನಿಂತರು.

"ಇವತ್ತು ನಾಕ್ ಗಂಟೆಯಿಂದಾಚೆಗೆ ನಿನ್ ಒಗೆ ನನ್ ಮನೆ ಒಳೀಕ್ ಬರ್ಬಾರ್ದು. ಬಂತೋ, ನಾಳೆ ಬೋರ್ಡ್ ಬಿಚ್ಕೊಂಡು ಒಲ್ಟೋಗು."

ಸಹಕಾರನಗರ ಲೇಔಟ್ ಆಗುವುದಕ್ಕೆ ಮುಂಚೆ ಆ ಬೀದಿಯಿಡೀ ಅವರ ಮನೆಯ ರಾಗಿ ಹೊಲ. ಅವರು ಹೋಗು ಅಂದರೆ ಹೋಗಬೇಕಾದದ್ದೇ. ವಿಜಯ್ ಕುಮಾರ್ ತನ್ನ ತಲೆಬಿಸಿಯನ್ನು ಫೋನಿನಲ್ಲಿ ಹಾಗೇ ಅನಂತರಾಜುವಿಗೆ ದಾಟಿಸಿದ.

ಅನಂತರಾಜು ದಾಸರಹಳ್ಳಿಯವನು. ಹೋಟೆಲುಗಳ ಒಲೆಯ ಮೇಲಿನ ಹೊಗೆಗೂಡು, ಅಲ್ಲಿಂದ ಹೊರಗೆ ಹೋಗುವ ತಗಡಿನ ಕೊಳವೆ, ಹೊಗೆ ಎಳೆಯುವ ಫ್ಯಾನು, ಇವುಗಳ ಜಿಡ್ಡು ಕೆರೆದು ಸುಸ್ಥಿತಿಯಲ್ಲಿಡುವುದು ಅವನ ಕಸುಬು. ಹದಿನೆಂಟು ವರ್ಷ ಊರಿನ ಎಣ್ಣೆಯನ್ನೆಲ್ಲ ಮೈಗೆ ಹಚ್ಚಿಕೊಂಡ ಫಲವಾಗಿ ಬೀದಿನಾಯಿಗಳು ಅವನ ಬೈಕಿನ ಹಿಂದೆ ಭಕ್ತಿಯಿಂದ ಓಡಿಬರುತ್ತಿದ್ದವು.

"ಅನಂತು, ಸೊಣ್ಣಮ್ಮ ಬಾಯ್ಬಿಟ್ಟು ಸರಿಹೋಯ್ತು ಅನ್ಬೇಕು," ಎಂದ ವಿಜಯ್ ಕುಮಾರ್. "ಅವ್ರು ಹಂಗಂದ್ರೆ ಈ ವರ್ಷಾನೂ ನನ್ ನಾಲ್ಕೂ ಹೋಟ್ಲು ಕೆಲ್ಸ ನಿಂದೇ. ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ಕೋತೀನಿ ಗುರು, ಬೇಜಾರ್ ಮಾಡ್ಕೋಬೇಡ."

ಅನಂತರಾಜುವಿನ ಕೈಯಲ್ಲಿದ್ದದ್ದೇ ಒಟ್ಟು ಐದು ಗಿರಾಕಿ. ಐದನೆಯದು ಹೆಬ್ಬಾಳದ ಜ್ಯೂಸ್ ಅಂಗಡಿ. ಅಲ್ಲಿ ಹೊಗೆಯೇ ಇರಲಿಲ್ಲ.

ಹನ್ನೊಂದಕ್ಕೆ ಒಲೆ ಆರಿಸಿ ಹೋಟೆಲಿನ ಬಾಗಿಲು ಎಳೆದರು. "ಕೆಲ್ಸ ಮುಗ್ಸು, ನಾಲ್ಕಕ್ಕೆ ಮೊದಲನೇ ಮಸಾಲೆ ದೋಸೆ ನಿಂಗೇ," ಎಂದು ವಿಜಯ್ ಕುಮಾರ್ ಮಾತು ಕೊಟ್ಟ. ಬ್ಯಾಗಿನಲ್ಲಿ ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನವಿದ್ದರೂ ಆ ದೋಸೆಯ ಆಸೆಗೆ ಅನಂತರಾಜು ಡಬ್ಬಿ ಮುಟ್ಟಲಿಲ್ಲ.

ಕೊಳವೆಯೊಳಗೆ ಬೆರಳುದ್ದ ಜಿಡ್ಡು. ಅದರ ಬಾಯಿಯೋ, ನೇರ ಸೊಣ್ಣಮ್ಮನವರ ಮನೆಯ ಹಿಂಬದಿ ಬಾಲ್ಕನಿಗೆ ತೆರೆದುಕೊಂಡಿತ್ತು. ಜಿಡ್ಡು ಕೆರೆದು, ಕೊಳವೆಯನ್ನು ತಾರಸಿಯ ಮೇಲಕ್ಕೆ ಎತ್ತರಿಸಿದರೆ ಸರಿಹೋಗುತ್ತಿತ್ತು. ಅವನು ಬಕೆಟ್ಟು, ಸ್ಪ್ಯಾನರು ಹಿಡಿದು ಬಾಲ್ಕನಿಗೆ ಹೋದ. ಅಲ್ಲಿ ಸೊಣ್ಣಮ್ಮನವರ ಗಂಡ ಪಿಳ್ಳಪ್ಪನವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಆರು ತಿಂಗಳಿಂದ ಮುದ್ದೆ, ಸೊಪ್ಪಿನ ಸಾರು ಬಿಟ್ಟರೆ ಬೇರೇನೂ ಕಾಣದ ಹಾಗೆ ಹೆಂಡತಿ ಕಾವಲು ಕಾಯುತ್ತಿದ್ದರು. ಎದುರಿಗಿದ್ದ ಮುದ್ದೆಯನ್ನು ಅವರು ಮುಟ್ಟಿರಲಿಲ್ಲ.

"ಕೆಳ್ಗಡೆ ಒಲೆ ಯಾವಾಗ ಅಚ್ತಾರಪ್ಪ?"

"ನಾಲ್ಕಕ್ಕೆ ಯಜಮಾನ್ರೇ."

"ಅಯ್ಯೋ, ಈ ಬಿಸ್ಲಲ್ಲಿ ಯಾಕ್ ಕಷ್ಟ ಪಡ್ತೀಯ? ನಾಳೆ ಮಾಡಿದ್ರಾಯ್ತು. ಅಮಾಸೆ ಕಳುದ್ರೆ ಇನ್ನೂ ಒಳ್ಳೇದು."

ಎಂಥ ಕರುಳಿರುವ ಮನುಷ್ಯ ಎಂದುಕೊಂಡ ಅನಂತರಾಜು.

ಅಷ್ಟರಲ್ಲಿ ಪಕ್ಕದ ಮನೆಯ ಕಿಟಕಿಯಲ್ಲಿ ಶಿವಶರಣಪ್ಪನವರು ಪ್ರತ್ಯಕ್ಷರಾದರು. ಕಲಬುರಗಿಯಲ್ಲಿ ಮೇಷ್ಟರಾಗಿದ್ದು, ನಿವೃತ್ತರಾದ ಮೇಲೆ ಮೊಬೈಲಿನ ದಿಕ್ಸೂಚಿ ಹಿಡಿದು ವಾಸ್ತು ಹೇಳುವುದನ್ನು ಕಲಿತವರು.

"ಅಲ್ರೀ, ಕೊಳವಿ ಬಾಯಿ ವಾಯುವ್ಯಕ್ಕ ಇಟ್ರ ಮನಿ ಯಜಮಾನಗ ಕೇಡು. ಆಗ್ನೇಯಕ್ಕ ತಿರುಗಸ್ರಿ."

ಯಜಮಾನನಿಗೆ ಕೇಡು ಎಂಬ ಮಾತು ಒಳಗಿದ್ದ ಸೊಣ್ಣಮ್ಮನವರ ಕಿವಿಗೆ ಬಿತ್ತು. ತಿರುಗಿಸಲೇಬೇಕಾಯಿತು. ಒಂದು ಗಂಟೆ ಹೆಣಗಿ ತಿರುಗಿಸಿ ನೋಡಿದರೆ ಕೊಳವೆಯ ಬಾಯಿ ಶಿವಶರಣಪ್ಪನವರ ದೇವರಮನೆಗೇ ಗುರಿಯಿಟ್ಟಂತಿತ್ತು.

"ಬ್ಯಾಡ್ರಿ ಬ್ಯಾಡ್ರಿ!" ಎಂದರು ಅವರು. "ಹಂಗ ನೋಡಿದ್ರ ವಾಯುವ್ಯನೂ ಛಲೋ ದಿಕ್ಕ ಐತ್ರಿ."

ಮತ್ತೆ ತಿರುಗಿಸೋಣವೆಂದರೆ ಸ್ಪ್ಯಾನರೇ ಮಾಯ. "ಕಾಗೆ ಎತ್ಕೊಂಡೋಯ್ತೇನೋ," ಎಂದರು ಪಿಳ್ಳಪ್ಪ ಗಂಭೀರವಾಗಿ. ಅರ್ಧ ಕೆಜಿ ಕಬ್ಬಿಣ ಹೊರುವ ಕಾಗೆ ಯಾವುದು ಎಂದು ಕೇಳುವಷ್ಟು ತ್ರಾಣ ಹಸಿದ ಅನಂತರಾಜುವಿಗೆ ಇರಲಿಲ್ಲ. ಬಗ್ಗಿ ಹುಡುಕುವಾಗ ಮೊಣಕೈ ತಾಗಿ ಜಿಡ್ಡಿನ ಬಕೆಟ್ಟು ಮಗುಚಿತು. ಮೊರದಲ್ಲಿ ಒಣಗುತ್ತಿದ್ದ ಹಪ್ಪಳಗಳೆಲ್ಲ ಕರಿಯುವುದಕ್ಕೆ ಮುಂಚೆಯೇ ಎಣ್ಣೆ ಕುಡಿದವು. ಆಗ ಸೊಣ್ಣಮ್ಮ ಹಾಕಿದ ಕೂಗಿಗೆ ಜಕ್ಕೂರಿನಲ್ಲಿ ಇಳಿಯುತ್ತಿದ್ದ ಪುಟ್ಟ ವಿಮಾನವೊಂದು ಮತ್ತೆ ಮೇಲಕ್ಕೆದ್ದಿತೆಂದು ಶಿವಶರಣಪ್ಪ ಇವತ್ತಿಗೂ ಹೇಳುತ್ತಾರೆ.

ಅಂತೂ ಇಂತೂ ಇಕ್ಕಳದಲ್ಲೇ ಬೋಲ್ಟು ಬಿಗಿದು, ಕೊಳವೆಯನ್ನು ತಾರಸಿ ದಾಟಿಸಿ, ನಾಲ್ಕಕ್ಕೆ ಐದು ನಿಮಿಷವಿದೆ ಎನ್ನುವಾಗ ಅನಂತರಾಜು ಫ್ಯಾನು ಹಾಕಿಸಿದ. ಎಳೆತ ನೋಡುವುದಕ್ಕೆ ಹೊಗೆಗೂಡಿನ ಕೆಳಗೆ ಊದಿನಕಡ್ಡಿ ಹಿಡಿದ. ಹೊಗೆ ಗೆರೆ ಎಳೆದ ಹಾಗೆ ನೆಟ್ಟಗೆ ಮೇಲೇರಿತು. ಅವನ ಕಣ್ಣಲ್ಲಿ ನೀರೇ ಬಂತು. ಒಲೆ ಹಚ್ಚಿದರು. ಕಾವಲಿಯ ಮೇಲೆ ದೋಸೆ ಚುರ್ ಎಂದಿತು.

ಅನಂತರಾಜು ಮೇಲಕ್ಕೆ ಓಡಿದ. ಅವನ ಎದುರಿಗೇ ಸೊಣ್ಣಮ್ಮ ಬೀರುವಿನ ಸೀರೆ, ದಿಂಬು, ಕೊನೆಗೆ ಗೋಡೆಯ ಕ್ಯಾಲೆಂಡರನ್ನೂ ಮೂಸಿ ನೋಡಿದರು.

"ಸರೋಯ್ತು ಕಣಪ್ಪ! ಒಂದ್ ಚೂರೂ ಇಲ್ಲ. ನಡಿ, ನಾನೇ ಬಂದು ಅವ್ನಿಗ್ ಏಳ್ತೀನಿ."

ಅನಂತರಾಜುವಿಗೆ ನಾಲ್ಕು ಹೋಟೆಲು, ಒಂದು ಮಸಾಲೆ ದೋಸೆ ಒಟ್ಟಿಗೇ ಕಣ್ಣ ಮುಂದೆ ಬಂದವು. ಬಾಲ್ಕನಿಯಲ್ಲಿ ಕುರ್ಚಿ ಖಾಲಿಯಾಗಿದ್ದನ್ನು ಇಬ್ಬರೂ ಗಮನಿಸಲಿಲ್ಲ.

ಕೆಳಗೆ ಕೈತೊಳೆಯುವ ಜಾಗದ ಪಕ್ಕದ ಮೂಲೆ ಮೇಜಿನಲ್ಲಿ, ತಲೆಗೆ ಟವೆಲು ಹೊದ್ದ ಒಬ್ಬರು ಮೊದಲನೇ ಮಸಾಲೆ ದೋಸೆ ಮುಗಿಸಿ ಜಾಮೂನಿಗೆ ಕೈಹಾಕಿದ್ದರು. ಸೊಣ್ಣಮ್ಮ ಟವೆಲು ಎಳೆದರು. ಪಿಳ್ಳಪ್ಪ!

"ಅಯ್ಯೋ ನಿಮ್ ಮನೆ ಕಾಯೋಗ! ಸಕ್ರೆ ಕಾಯ್ಲೆ ಮಡಿಕ್ಕೊಂಡು ಜಾಮೂನಾ?"

"ಇನ್ನೇನ್ ಮಾಡ್ಲಿ?" ಪಿಳ್ಳಪ್ಪನವರು ಜಾಮೂನಿನ ಬಟ್ಟಲನ್ನು ತಮ್ಮತ್ತ ಎಳೆದುಕೊಂಡರು. "ಆರ್ ತಿಂಗ್ಳಿಂದ ಆ ವಾಸ್ನೇಲೇ ಮುದ್ದೆ ನುಂಗಿದೀನಿ. ಒಂದ್ ದಿನಾನಾದ್ರೂ ಕೆಳೀಕ್ ಇಳಿದಿದ್ನಾ? ಈವಯ್ಯ ಬಂದು ಅದ್ನೂ ಕಿತ್ಕೊಂಡ. ವಾಸ್ನೆ ಮೇಲೀಕ್ ಬರ್ಲಿಲ್ಲ, ನಾನೇ ಕೆಳೀಕ್ ಬಂದೆ." ಹಾಗೆನ್ನುತ್ತ ಸೊಂಟದಿಂದ ಸ್ಪ್ಯಾನರು ತೆಗೆದು ಮೇಜಿನ ಮೇಲಿಟ್ಟರು. "ತಗೊಳಪ್ಪ ನಿಂದು. ಆದಷ್ಟು ತಡೆದೆ."

ಸೊಣ್ಣಮ್ಮ ಅನಂತರಾಜುವಿನ ಕಡೆ ತಿರುಗಿದರು. "ನೋಡ್ತಾ ನಿಂತಿದ್ದೀಯಲ್ಲ! ಓಗು, ಮೊದ್ಲು ಎಂಗಿತ್ತೋ ಅಂಗೇ ಮಾಡು. ಸೀರೆ ನಾನು ಪ್ಲಾಸ್ಟಿಕ್ ಕವರ್ನಾಗೆ ಇಟ್ಕೋತೀನಿ."

ಬಾಯಿ ಮುಚ್ಚಿಕೊಂಡಿದ್ದರೆ ಅನಂತರಾಜು ಬಚಾವಾಗುತ್ತಿದ್ದ. ಆದರೆ ಹದಿನೆಂಟು ವರ್ಷದ ಕಸುಬು ಬಿಡಬೇಕಲ್ಲ. "ಅಮ್ಮಾ, ಕೊಳವೆ ಇಳ್ಸಿದ್ರೆ ಸಾಲ್ದು. ಜಿಡ್ಡು ಕಟ್ಕೊಂಡು ಫ್ಯಾನ್ ನಿಧಾನ ಆದ್ರೇನೇ ವಾಸ್ನೆ ಅಲ್ಲೇ ನಿಲ್ಲೋದು," ಎಂದುಬಿಟ್ಟ.

ವಿಜಯ್ ಕುಮಾರನ ಮುಖ ಅರಳಿತು. "ಅಂದ್ರೆ ಕ್ಲೀನ್ ಮಾಡದೇ ಇದ್ರೇನೇ ಎಲ್ರಿಗೂ ಒಳ್ಳೇದು ಅನ್ನು! ಹಂಗಾದ್ರೆ ಇನ್ಮೇಲೆ ನೀನು ಬರೋದೇ ಬೇಡ ಗುರು."

"ಮಿಕ್ಕಿದ್ ಮೂರು ಹೋಟ್ಲು ಸಾರ್?"

"ಅಲ್ಲೂ ಮೇಲ್ಗಡೆ ಯಾರಾದ್ರೂ ಪಥ್ಯದೋರು ಇದ್ದೇ ಇರ್ತಾರೆ."

"ಜಿಡ್ಡಿಗೆ ಬೆಂಕಿ ಹತ್ಕೊಂಡ್ರೆ?"

"ಆವಾಗ ನಿಂಗೇ ಫೋನ್ ಮಾಡ್ತೀನಿ."

"ದೋಸೆ?"

"ಕೆಲ್ಸ ಮುಗಿದ್ಮೇಲೆ ಅಂದಿದ್ದೆ. ಈಗ ಎಲ್ಲಾ ಮೊದ್ಲಿನ ಥರಾನೇ ಇರುತ್ತಲ್ಲ?"

ಕೊಳವೆ ಕಿತ್ತು ಇಳಿಸಿ, ಫ್ಯಾನನ್ನೂ ನಿಧಾನ ಮಾಡುವಷ್ಟರಲ್ಲಿ ಸಂಜೆಯಾಯಿತು. ತುಪ್ಪ, ಈರುಳ್ಳಿ ಪಲ್ಯದ ವಾಸನೆ ಬಾಲ್ಕನಿಗೆ ವಾಪಸು ಬಂತು. ಪಿಳ್ಳಪ್ಪ ತಣ್ಣನೆ ಮುದ್ದೆಯ ತಟ್ಟೆ ಹಿಡಿದು ಕುರ್ಚಿಗೆ ಮರಳಿದರು. ಅನಂತರಾಜುವಿನ ಮುಖ ನೋಡಿ ಪಾಪ ಅನ್ನಿಸಿರಬೇಕು, ಪಕ್ಕಕ್ಕೊಂದು ಸ್ಟೂಲು ಎಳೆದರು.

"ಬಾ, ಇಲ್ ಕೂತ್ಕೊ. ಗಾಳಿ ಇತ್ಲಾಗೇ ಬತ್ತದೆ. ಮೊದ್ಲು ಚೆನ್ನಾಗ್ ಉಸುರ್ ಎಳ್ಕೊ, ಆಮೇಲೆ ತುತ್ತು ಬಾಯ್ಗಿಟ್ಕೊ."

ಅನಂತರಾಜು ಡಬ್ಬಿ ಬಿಚ್ಚಿ, ಅವರು ಹೇಳಿದ ಹಾಗೇ ಮಾಡಿದ. ಚಿತ್ರಾನ್ನ ಹಳಸಿದೆ ಎಂದು ಮೂರನೇ ತುತ್ತಿನವರೆಗೂ ಅವನಿಗೆ ಗೊತ್ತಾಗಲಿಲ್ಲ.