ರಿಸೆಪ್ಟರುಗಳ ಜೋಡಿ, ನನ್ನ ಒಂಟಿ ತಟ್ಟೆ

ಹಗಲೆಲ್ಲ ಜೋಡಿಗಳ ಲೆಕ್ಕ ಹಿಡಿದು, ಸಂಜೆ ಒಂಟಿ ಕೋಣೆಗೆ ಮರಳುವವಳಿಗೆ ಇಂಥವು ಆಗುತ್ತಲೇ ಇರುತ್ತವೆ. ಲ್ಯಾಬು ದೇವನಹಳ್ಳಿ ಕಡೆ, ಬಾಡಿಗೆ ಕೋಣೆ ಅಲ್ಲೇ ಪಕ್ಕದ ವಿಜಯಪುರದಲ್ಲಿ.

೧

ಮನೆ ನೋಡಲು ಹೋದಾಗ ಓನರಮ್ಮ, "ಏನವ್ವಾ ಕೆಲ್ಸ?" ಎಂದರು. ಬೀದಿಯ ಎಲ್ಲ ಮನೆಗಳಂತೆ ಅಲ್ಲೂ ಕೆಳಗೆ ರೇಷ್ಮೆ ನೂಲು ಹುರಿ ಮಾಡುವ ಮಷೀನುಗಳು ಓಡುತ್ತಿದ್ದವು. ಜೀವಕೋಶದ ಮೈಮೇಲೆ ರಿಸೆಪ್ಟರುಗಳಿರುತ್ತವೆ, ಹೊರಗಿನ ಸುದ್ದಿ ಹಿಡಿದು ಒಳಗೆ ಮುಟ್ಟಿಸುತ್ತವೆ, ಎಷ್ಟೋ ರಿಸೆಪ್ಟರುಗಳಿಗೆ ಜೋಡಿಯಾಗದೆ ಅದು ಆಗುವುದಿಲ್ಲ, ಜೊತೆಗಾರ ಬದಲಾದರೆ ಸುದ್ದಿಯ ವರಸೆಯೂ ಬದಲಾಗುತ್ತದೆ ಎಂದೆಲ್ಲ ಬಿಡಿಸಿ ಹೇಳಿದೆ. ಅವರು ಪ್ರತಿ ಮಾತಿಗೂ ತಲೆದೂಗಿದರು. ಇಷ್ಟು ಗಮನವಿಟ್ಟು ನನ್ನ ಮಾತನ್ನು ಯಾರೂ ಕೇಳಿರಲಿಲ್ಲ. ಕಣ್ಣು ತುಂಬಿ ಬಂತು.

ಕೊನೆಗೆ ಬೀಗದ ಕೈ ಕೊಡುತ್ತಾ ಅಂದರು: "ಎಲ್ಲಾ ಸರಿ. ಕೆಲ್ಸ ಏನಂತ ಹೇಳ್ಲೇ ಇಲ್ವಲ್ಲ?"

ಮಷೀನಿನ ಸದ್ದು ಅವರ ಕಿವಿಯನ್ನು ಎಂದೋ ತಿಂದುಹಾಕಿತ್ತು. ಅದನ್ನು ಅವರು ಮಾತ್ರ ಒಪ್ಪುವುದಿಲ್ಲ.

೨

ಲ್ಯಾಬಿನ ಮೀಟಿಂಗಿನಲ್ಲಿ ನನ್ನ ಸರದಿ ಬಂತು. "ಈ ಎರಡು ರಿಸೆಪ್ಟರು ನೋಡಿ. ಒಂದಕ್ಕೆ ಹೊರಗಿನ ಸುದ್ದಿ ಹಿಡಿಯೋಕೆ ಬರಲ್ಲ. ಇನ್ನೊಂದು ಹಿಡಿಯುತ್ತೆ, ಒಳಗೆ ಹೇಳೋ ಶಕ್ತಿ ಇಲ್ಲ. ಬಿಡಿಯಾಗಿ ಎರಡೂ ದಂಡ. ಜೋಡಿಯಾದ್ರೆ ಮಾತ್ರ ಕೋಶದಲ್ಲೆಲ್ಲ ಗಲಾಟೆ."

ಬಾಸ್ ಕೈಯೆತ್ತಿದರು. "ಮೇಡಂ, ಹಿಂದಿನ ಸಾಲಿಗೆ ಏನೂ ಕೇಳಿಸ್ತಿಲ್ಲ."

ಇದ್ದದ್ದೇ ಒಂದು ಸಾಲು.

೩

ಭಾನುವಾರ ಬಂದರೆ ನನಗೆ ಸಂಕಟ. ವಾರವೆಲ್ಲ ಕ್ಯಾಂಟೀನಿನಲ್ಲಿ ಎದುರಿಗೆ ಯಾರಾದರೂ ಕೂತಿರುತ್ತಾರೆ, ಅವತ್ತು ಗೋಡೆ. ಎಷ್ಟೋ ಭಾನುವಾರ ಒಲೆಯನ್ನೇ ಹಚ್ಚದೆ ಮಲಗಿಬಿಟ್ಟಿದ್ದೇನೆ.

ಮೊನ್ನೆ ಮಧ್ಯಾಹ್ನ ಜಗಲಿಯಲ್ಲಿ ಕೂತಿದ್ದಾಗ ಓನರಮ್ಮ, "ಉಂಡ್ಯೇನವ್ವಾ?" ಎಂದರು.

ಇಲ್ಲವೆಂದು ತಲೆಯಾಡಿಸಿದೆ.

"ಯಾಕೆ?"

ಮೆಲ್ಲಗೆ ಹೇಳಿದೆ.

"ಆಂ? ಬಾಯ್ಬಿಟ್ಟು ಹೇಳು!"

ಎಲ್ಲಿತ್ತೋ ಆ ದನಿ! "ಒಬ್ಳೇ ಕೂತು ಉಣ್ಣಕ್ಕೆ ಬೇಜಾರು!" ಎಂದು ಕಿರುಚಿಬಿಟ್ಟೆ. ಸರಿಯಾಗಿ ಅದೇ ಗಳಿಗೆಗೆ ಕರೆಂಟ್ ಹೋಗಿ ಬೀದಿಯ ಮಷೀನುಗಳೆಲ್ಲ ಗಪ್ಪಾಗಿದ್ದವು.

ನಾಚಿಕೆಯಿಂದ ಒಳಗೆ ಓಡಿದೆ. ಸ್ವಲ್ಪ ಹೊತ್ತಿಗೆ ಒಂದು ಮನೆಯಿಂದ ಬಸ್ಸಾರು, ಇನ್ನೊಂದರಿಂದ ಹುರುಳಿಕಾಳು ಸಾರು, ಮತ್ತೊಂದರಿಂದ ಕೋಳಿ ಸಾರು ಬಂತು. ತಂದವರೆಲ್ಲ ಬಾಗಿಲಲ್ಲೇ ಕೊಟ್ಟು ಹೋದರು. ಬೀದಿಯ ಸಾರೆಲ್ಲ ಮುಂದಿದೆ, ಎದುರಿಗೆ ಅದೇ ಗೋಡೆ. ಅಳು ಬಂದುಬಿಟ್ಟಿತು.

ಅಷ್ಟರಲ್ಲಿ ಓನರಮ್ಮ ತಟ್ಟೆಯಲ್ಲಿ ಎರಡು ಮುದ್ದೆ ಹಿಡಿದು ಒಳಗೆ ಬಂದರು. ಗೋಡೆಗೆ ಬೆನ್ನು ಕೊಟ್ಟು ನನ್ನೆದುರು ಕೂತು, ಕೋಳಿ ಸಾರನ್ನು ತಮ್ಮ ಕಡೆ ಎಳೆದುಕೊಂಡರು.

"ಅಷ್ಟ್ ಜೋರಾಗಿ ಯಾಕವ್ವಾ ಕೂಗ್ದೆ? ನಾನೇನ್ ಕಿವುಡೀನಾ?"