ಐತವಾರದ ಸೈಕಲ್, ಸೋಮವಾರದ ಸೈಕಲ್

ಗೋವಾದ ಮಡಗಾಂವ್ ಸ್ಟೇಷನ್ ರೋಡಿನ್ಯಾಗ ಸೈಕಲ್ ರಿಪೇರಿ ಅಂಗಡಿ ಇಟ್ಕೊಂಡು ಕುಂತಾಂವಗ ನಗಾಕ ಟಿ.ವಿ. ಬೇಕಾಗೂದಿಲ್ಲ. ವಾರಕ್ಕೊಂದರ ಪ್ರಸಂಗ ತಾನ ಉಳ್ಳಕೋಂತ ಬಂದು ನನ್ನ ಪಾನಾ-ಸ್ಕ್ರೂಡ್ರೈವರ್ ಡಬ್ಬಿ ಮುಂದ ಬೀಳ್ತೈತಿ. ಹದಿನೆಂಟ ವರ್ಷ ಆತು, ಒಂದ ವಾರನೂ ತಪ್ಪಿಲ್ಲ.

ನನ್ನ ಗಿರಾಕಿ ಎರಡ ತರದವ್ರು. ಐತವಾರ ಬರಾವ್ರು ಒಂದು. ಅವರ ಸೈಕಲ್ಲಿನ ಟಾಯರ್ ಕೈಬಟ್ಟಿನಷ್ಟ ಸಣ್ಣ, ಮೈಮ್ಯಾಲಿನ ಬಟ್ಟಿ ಬಣ್ಣಾ ಬಳದಂಗ. ಸೋಮವಾರ ಬರಾವ್ರು ಇನ್ನೊಂದು. ಬಿಜಾಪುರ, ಬಾಗಲಕೋಟಿ ಕಡಿಯಿಂದ ಬಂದು ಕಟ್ಟಡದ ಕೆಲಸಕ್ಕ, ಕಾರ್ಖಾನಿಗೆ ಹೋಗಾವ್ರು. ಕರೇ ಸೈಕಲ್, ಹಿಂದ ಕ್ಯಾರಿಯರ್, ಕ್ಯಾರಿಯರ್‌ದಾಗ ರೊಟ್ಟಿ ಡಬ್ಬಿ. ಐತವಾರದವ್ರಿಗೆ ಮಂದಿ ಸೈಕ್ಲಿಸ್ಟ್ ಅಂತಾರ. ಸೋಮವಾರದವ್ರಿಗೆ ಏನೂ ಅನ್ನೂದಿಲ್ಲ, ಬರೇ ಹಾರ್ನ್ ಹೊಡೀತಾರ.

ನನ್ನ ಹೆಂಡ್ತಿ ತಮ್ಮ ಸೋಮವಾರದ ಪೈಕಿ. ಕುಂಕಳ್ಳಿ ಅನ್ನೂ ಊರಿನ ಕಾರ್ಖಾನಿಯೊಳಗ ಕೆಲಸ. ದಿನಾ ಹೈವೇದಾಗ ಲಾರಿ-ಬಸ್ಸಿನ ಕಂಕಳಾಗ ಸೈಕಲ್ ತುಳಕೋಂತ ಹೋಗ್ತಾನ, ಬರ್ತಾನ. ಅವರವ್ವ ತೀರಿಕೊಂಡಾಗ ಅಂವಗ ಎರಡ ವರ್ಷ. ಬೆಳೆಸಿದಾಕಿ ನನ್ನ ಹೆಂಡ್ತಿ. ಹಿಂಗಾಗಿ ಅಂವ ಮನಿ ಮುಟ್ಟೂತನಕಾ ಆಕಿ ಜೀವ ಬಾಗಲದಾಗ ನಿಂತಿರತೈತಿ. ದಿನಾ ನನಗ ಒಂದ ಮಾತು: "ಊರ ಮಂದಿ ಸೈಕಲ್ಲಿಗೆಲ್ಲಾ ಬ್ರೇಕ್ ಹಾಕ್ತೀರಿ. ನನ್ನ ತಮ್ಮನ ತಲೀಗೆ ಒಂದ ಹೆಲ್ಮೆಟ್ ಹಾಕಸಾಕ ನಿಮ್ಮಿಂದ ಆಗವಲ್ದು!"

ಖರೇ ಐತಿ, ಆಗವಲ್ದು. ಅಂವಗ ಹೇಳಿದ್ರ, "ಸೈಕಲ್ ಮ್ಯಾಲೆ ಹೆಲ್ಮೆಟ್ಟಾ? ಮಂದಿ ನಕ್ಕಾರು ಮಾಮಾ" ಅಂತಾನ. ಮಂದಿ ಈಗರ ಏನ್ ಅಳಾಕತ್ತಾರೇನು? ಆದ್ರ ಈ ಮಾತು ಅಂವನ ತಲ್ಯಾಗ ಹೋಗೂದಿಲ್ಲ.

ಕಾರಿನ ಮ್ಯಾಲಿನ ಸೈಕಲ್

ಐತವಾರದವ್ರೊಳಗ ಒಬ್ರು ಡಾಕ್ಟರ್ ಸಾಹೇಬ್ರು. ಅವರ ಮನಿ ನನ್ನ ಅಂಗಡಿಯಿಂದ ಎರಡ ಗಲ್ಲಿ ಆಚಿ. ಒಂದಿನಾ ಕಾರಿನ ಟಪ್ಪಿನ ಮ್ಯಾಲೆ ಸೈಕಲ್ ಕಟ್ಕೊಂಡು ಬಂದು ನಿಂತ್ರು.

"ಸಾಹೇಬ್ರ, ಪಂಚರ್ ಆಗೇತೇನ್ರಿ?" ಅಂದೆ.

"ಇಲ್ಲ, ಬರೇ ಗಾಳಿ ಹಾಕು."

"ಮತ್ತ ಕಾರಿನ ಮ್ಯಾಲೆ ಯಾಕ ತಂದ್ರಿ? ಮನಿ ಇಲ್ಲೇ ಐತಲ್ರಿ."

ಸಾಹೇಬ್ರು ನನ್ನನ್ನ ಸಣ್ಣ ಹುಡುಗನ್ನ ನೋಡಿದಂಗ ನೋಡಿದ್ರು. "ಈ ರೋಡಿನ್ಯಾಗ ಸೈಕಲ್ ಹೊಡಿಯೂದಾ? ಇಲ್ಲಿ ಕಾರಿನವ್ರು ಹ್ಯಾಂಗ ಹೊಡೀತಾರ ಗೊತ್ತೈತೇನು? ಜೀವಕ್ಕ ಗ್ಯಾರಂಟಿ ಇಲ್ಲ."

ಗಾಳಿ ಹಾಕಿಸಿಕೊಂಡ್ರು, ಸೈಕಲ್ ಮತ್ತ ಮ್ಯಾಲೆ ಕಟ್ಟಿದ್ರು. ಕಿವಿಗೆ ಫೋನ್ ಹಚ್ಕೊಂಡು ಕಾರ್ ರಿವರ್ಸ್ ತಗೊಂಡ್ರು. ನನ್ನ ಅಂಗಡಿ ಮುಂದ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಹೆಂಡ್ತಿ ತಮ್ಮನ ಸೈಕಲ್ ಧಡಂ ಅಂತ ಅಂಗಾತ ಬಿತ್ತು. ಸಾಹೇಬ್ರು ಕಿಡಕಿ ಕಾಜು ಇಳಿಸಿ, ಬಿದ್ದ ಸೈಕಲ್ ನೋಡಿ, ಭಾಳ ಕೆಟ್ಟ ಅನಿಸಿದವ್ರಂಗ ತಲಿ ಅಳ್ಳಾಡಿಸಿದ್ರು.

"ನೋಡು," ಅಂದ್ರು, "ಇದಕ್ಕ ನಾನು ಸೈಕಲ್ ರೋಡಿಗೆ ತರೂದಿಲ್ಲ."

ಸುಮ್ಮ ಹೋಗಾವ್ರ ದಾರಿ

ಆಮ್ಯಾಲೆ ಒಂದ ಸುದ್ದಿ ಬಂತು. ಕಡಲ ಕಡೆ, ಗದ್ದಿ ನಡುವ, ಸೈಕಲ್ಲಿಗೆ ಅಂತನ ಬ್ಯಾರೆ ದಾರಿ ಮಾಡ್ಯಾರ. ಲಾರಿ ಇಲ್ಲ, ಬಸ್ಸಿಲ್ಲ. ನನ್ನ ಹೆಂಡ್ತಿ ಅವತ್ತ ಹೋಳಿಗಿ ಮಾಡಿದ್ಳು. "ನನ್ನ ತಮ್ಮ ಅರ್ಧಾ ದಾರಿಯರ ಸುಖಲೆ ಹೋಗ್ಲಿ" ಅಂತ ಆಕಿ ಆಸೆ. ನಾನೂ ಅಂವನೂ ಐತವಾರ ಒಂದೊಂದ ಸೈಕಲ್ ಹತ್ತಿ ನೋಡಾಕ ಹೋದ್ವಿ.

ಹೋಗಿ ನೋಡಿದ್ರ ಬಾಗಲದಾಗ ಒಬ್ಬ ವಾಚ್‌ಮನ್. ನಮ್ಮ ಮಾತ ಕೇಳಿ, "ನಿಮ್ದ್ಯಾವೂರ್ರಿ? ನಂದು ಮುದ್ದೇಬಿಹಾಳ" ಅಂತ ಕೈ ಕುಲುಕಿದ. ಕುಲುಕಿದ ಕೈಲೇನ ಬಡಿಗಿನೂ ಅಡ್ಡ ಹಿಡದ.

"ಇದು ಸೈಕಲ್ಲಿಗೆ ಮಾತ್ರರಿ."

"ಮತ್ತ ಇದೇನು, ಎತ್ತಿನ ಬಂಡ್ಯಾ?" ಅಂದ ನನ್ನ ಹೆಂಡ್ತಿ ತಮ್ಮ.

"ಹಂಗಲ್ರಿ ಅಣ್ಣಾರ. ಇದು ಕೆಲಸಕ್ಕ ಹೋಗೂ ಸೈಕಲ್. ಒಳಗ ಬಿಟ್ರ ಸಾಹೇಬ್ರು ನನ್ನ ಬೈತಾರ. ಚಡ್ಡಿ ಹಾಕ್ಕೊಂಡ ಬಂದ್ರ ಬಿಡ್ತೇನ್ರಿ."

ಯಪ್ಪಾ, ಇದೆಂಥಾ ಕಾಯದೆ! ನಾವಿಬ್ರೂ ಪ್ಯಾಂಟನ್ನ ಮೊಣಕಾಲಿನ ಮ್ಯಾಲೆ ಮಡಿಚಿದ್ವಿ. ವಾಚ್‌ಮನ್ ಹಿಂದ ಸರದು, ಮೊದಲಿನ ಸಲ ನೋಡಾಂವನಂಗ ನಮಗ ಸೆಲ್ಯೂಟ್ ಹೊಡದ.

ದಾರಿ ಮಾತ್ರ ಖರೇನ ಚಂದ ಇತ್ತು. ಎರಡೂ ಕಡೆ ಹಸರ ಗದ್ದಿ, ಬೆಳ್ಳಕ್ಕಿ, ತಂಪ ಗಾಳಿ. ಹೆಂಡ್ತಿ ತಮ್ಮ ಹಾಡ ಅನಕೋಂತ ತುಳದ. ಗದ್ದಿ ದಾಟಿದ್ವಿ, ತೆಂಗಿನ ತೋಟ ದಾಟಿದ್ವಿ, ಒಂದ ತಿರುವು ಬಂತು. ತಿರುವಿನ ಆಚಿ ಅದ ವಾಚ್‌ಮನ್ ನಿಂತಿದ್ದ.

"ಇದು ಎಲ್ಲಿಗೆ ಹೋಗತೈತೋ?" ಅಂತ ಕೇಳಿದೆ.

"ಎಲ್ಲಿಗೂ ಇಲ್ರಿ. ಸುತ್ತ ಹೊಡದು ಇಲ್ಲೇ ಬರತೈತಿ."

"ಮತ್ತ ಎಲ್ಲಿಗರ ಹೋಗಾವ್ರು?"

"ಎಲ್ಲಿಗರ ಹೋಗಾವ್ರು ಹೈವೇದಾಗ ಹೋಗ್ತಾರ್ರಿ," ಅಂದ ಮುದ್ದೇಬಿಹಾಳದಾಂವ. "ಇದು ಸುಮ್ಮ ಹೋಗಾವ್ರಿಗೆ."

ಜೋಡಿ ಲೈಟು

ದಾರಿ ಸಿಗಲಿಲ್ಲ ಅಂದ ಮ್ಯಾಲೆ, ಹೆಲ್ಮೆಟ್ ಒಲ್ಲೆ ಅಂತಾನ ಅಂದ ಮ್ಯಾಲೆ, ಲೈಟರ ಹಾಕೂಣು ಅಂತ ನಾನೊಂದ ಶಾಣ್ಯಾತನ ಮಾಡಿದೆ. ಸೈಕಲ್ ಹಿಂದ ಪುಕು ಪುಕು ಅಂತ ಬೆಳಗೂ ಕೆಂಪ ಲೈಟು. ದೂರದಿಂದನ ಲಾರಿಯವ್ರಿಗೆ ಕಾಣ್ತೈತಿ. ಐತವಾರದವ್ರು ಎಲ್ಲಾರೂ ಹಾಕಸ್ತಾರ. ಅಂವನ ಸೈಕಲ್ಲಿಗೂ ಬಿಗಿಯಾಗಿ ಕೂಡಿಸಿ ಕಳಿಸಿದೆ.

ಎಂಟ ದಿನಾ ಬಿಟ್ಟು ನೋಡ್ತೇನಿ, ಲೈಟಿಲ್ಲ. "ಎಲ್ಲೋ ಅದು?" ಅಂದ್ರ, "ಮನ್ಯಾಗ ಐತಿ ಮಾಮಾ, ಭದ್ರ ಐತಿ" ಅಂದ. ನಮ್ಮ ಮನಿ ಹಿಂದಿನ ಅಂವನ ಖೋಲಿಗೆ ಹೋಗಿ ನೋಡಿದ್ರ, ಯಲ್ಲವ್ವ ದೇವಿ ಫೋಟೋದ ಬಲಗಡೆ ಪುಕು ಪುಕು ಅನ್ನಾಕತ್ತೈತಿ!

"ಎಷ್ಟ ಚಂದ ಕಾಣ್ತೈತಿ ನೋಡ್ರಿ. ಹೆಂಗೂ ನನ್ನ ಕಾಯಾಕಿ ಆಕಿನ ಅಲ್ಲಾ? ಲೈಟು ಆಕಿ ಹತ್ರನ ಇರ್ಲಿ."

ನನ್ನ ಪಿತ್ತ ನೆತ್ತಿಗೇರಿತು. ಹೆಂಡ್ತಿನ್ನ ಕರಕೊಂಡ ಹೋಗಿ, "ನಿನ್ನ ತಮ್ಮಗ ನೀನ ಬುದ್ಧಿ ಹೇಳು" ಅಂದೆ. ಆಕಿ ಸಿಟ್ಟಿಲೆ ಒಳಗ ಹೋದಾಕಿ, ಫೋಟೋ ಕಂಡ ಕೂಡಲೆ ಕೈ ಮುಗದು, ಲೈಟಿಗೂ ಒಂದ ಬಟ್ಟ ಕುಂಕುಮ ಹಚ್ಚಿ ಹೊರಗ ಬಂದ್ಳು. "ದೇವರ ಮುಂದ ಇಟ್ಟದ್ದು ತಗೀಬಾರದ್ರಿ. ಇನ್ನೊಂದ ಕೊಡ್ರಿ" ಅಂದ್ಳು.

ಇನ್ನೊಂದ ಕೊಟ್ಟೆ. ಅದು ಎರಡ ದಿನಾ ಸೈಕಲ್ ಮ್ಯಾಲೆ ಇತ್ತು. ಮೂರನೇ ದಿನಾ ಯಲ್ಲವ್ವನ ಎಡಗಡೆ ಇತ್ತು. ಒಂದ ಕಡೆ ಅಷ್ಟ ಇದ್ರ ಚಂದ ಕಾಣೂದಿಲ್ಲಂತ.

ಜೀವ ಉಳಿಸೂ ಜಾಥಾ

ಐತವಾರದವ್ರೆಲ್ಲಾ ಕೂಡಿ ಸೈಕಲ್ ಸುರಕ್ಷತಾ ಜಾಥಾ ತಗದ್ರು. ಮುಂದ ಪೊಲೀಸ್ ಜೀಪು, ಅದರ ಹಿಂದ ಸ್ಪೀಕರ್ ಕಟ್ಟಿದ ಟೆಂಪೋ, ಅದರ ಹಿಂದ ಸೈಕಲ್. ಸೈಕಲ್ಲಿನ ಹಿಂದ ನೀರು, ಬಾಳಿಹಣ್ಣು ಹೇರಿಕೊಂಡು ಎಲ್ಲಾರ ಮನಿ ಕಾರು. ಹೈವೇ ಅನ್ನೂದು ಜಾಮ್ ಆಗಿ ನಿಂತಬಿಟ್ತು.

ನನ್ನ ಹೆಂಡ್ತಿ ತಮ್ಮಗ ಅವತ್ತ ಐತವಾರದ ಡ್ಯೂಟಿ. ತಡಾ ಆದ್ರ ಸೂಪರ್‌ವೈಜರ್ ಬೈತಾನ ಅಂತ ಎಡಗಡೆ ಸಂದ್ಯಾಗ ತೂರಿಕೋಂತ ಹೊಂಟಿದ್ದ. ಕೊಳ್ಳಾಗ ಪೀಪಿ ಹಾಕ್ಕೊಂಡ ಒಬ್ಬ ಸ್ವಯಂಸೇವಕ ಓಡಿ ಬಂದು ಅಂವನ ಹ್ಯಾಂಡಲ್ ಹಿಡದು ಬಾಜೂಕ ದೂಡಿದ. ಸೈಕಲ್ ಸಮೇತ ಮೊಣಕಾಲ ಮಟಾ ಗಟಾರದಾಗ ಇಳದ ಇಂವ.

"ಯಾಕ್ರಿ, ಏನಾತ್ರಿ?" ಅಂತ ಗಟಾರದಾಗಿಂದನ ಕೇಳಿದ್ನಂತ.

ಆ ಸ್ವಯಂಸೇವಕ ಪೀಪಿ ಬಾಯಾಗಿಂದ ತಗದು ಒದರಿದ: "ಏ ಸೈಕಲ್, ಬಾಜೂ ಸರಿ! ಹಿಂದ ಸೈಕಲ್ ಬರಾಕತ್ತಾವ, ಕಾಣೂದಿಲ್ಲೇನು?"

ಸನ್ಮಾನದ ಹೆಲ್ಮೆಟ್

ಜಾಥಾ ಆಗಿ ಹದಿನೈದ ದಿನಕ್ಕ ಆ ಡಾಕ್ಟರ್ ಸಾಹೇಬ್ರು ಅಂಗಡಿಗೆ ಬಂದ್ರು. ಕಾರಿನ್ಯಾಗನ ಬಂದ್ರು. "ನಮ್ಮ ಸೈಕಲ್ ಸಂಘದ ಕಾರ್ಯಕ್ರಮ ಐತಿ. ದಿನಾ ಸೈಕಲ್ ಹೊಡಿಯೂ ಒಬ್ರಿಗೆ ಸನ್ಮಾನ ಮಾಡಬೇಕು. ನಿನಗ ಯಾರರ ಗೊತ್ತದಾರೇನು? ನಮ್ಮ ಸಂಘದಾಗ ಅಂಥಾವ್ರು ಯಾರೂ ಇಲ್ಲ."

ಹೆಂಡ್ತಿ ತಮ್ಮನ ಹೆಸರ ಕೊಟ್ಟೆ. ಮನ್ಯಾಗ ಹಬ್ಬನ ಹಬ್ಬ. ಹೆಂಡ್ತಿ ಇಳಕಲ್ ಸೀರಿ ಉಟ್ಳು. ಅಂವ ಹೊಸಾ ಅಂಗಿ ಹಾಕ್ಕೊಂಡು ರಿಕ್ಷಾ ಕರಸಿದ. "ಸನ್ಮಾನಕ್ಕ ಹೊಂಟಾಂವ ಸೈಕಲ್ ಮ್ಯಾಲೆ ಹೋದ್ರ ಮಂದಿ ಏನಂದಾರು ಮಾಮಾ?"

ಸ್ಟೇಜಿನ ಮ್ಯಾಲೆ ನಿರೂಪಣೆ ಮಾಡಾವ್ರು ಹಿಂದಿಯೊಳಗ ಹೊಗಳಿದ್ದ ಹೊಗಳಿದ್ದು: ಪರಿಸರದ ಮ್ಯಾಲಿನ ಪ್ರೀತಿಯಿಂದ ಇವರು ಪೆಟ್ರೋಲ್ ಬಿಟ್ಟಾರ, ಸ್ವಂತ ಇಚ್ಛಾದಿಂದ ಸೈಕಲ್ ಹಿಡದಾರ. ಹೆಂಡ್ತಿ ತಮ್ಮ ಬಾಜೂಕ ಕುಂತಿದ್ದ ನನ್ನ ಕಡಿ ಬಗ್ಗಿ ಪಿಸುಗುಟ್ಟಿದ, "ಮಾಮಾ, ನಾ ಯಾವಾಗ ಪೆಟ್ರೋಲ್ ಬಿಟ್ಟೆ?"

"ಸುಮ್ನಿರೋ," ಅಂದೆ, "ಈಗ ಬಿಟ್ಟೀಯಂತ."

ಶಾಲು ಹೊಚ್ಚಿದ್ರು, ಹಾರ ಹಾಕಿದ್ರು, ಕಾಯಿ ಕೊಟ್ರು, ಕಡೀಕ ಒಂದ ಹೆಲ್ಮೆಟ್ ಕೊಟ್ರು. ಹಗೂರ, ಹಳದಿ ಬಣ್ಣ, ಭಾಳ ತುಟ್ಟೀದು. ನನ್ನ ಹೆಂಡ್ತಿ ಕಣ್ಣಾಗ ನೀರು. ಸನ್ಮಾನಕ್ಕಲ್ಲ, ಹೆಲ್ಮೆಟ್ಟಿಗೆ. "ಕಡೀಕೂ ಒಂದ ಬಂತಲ್ರಿ ಅಂವನ ತಲೀಗೆ" ಅಂತ ನನ್ನ ಕೈ ಹಿಡಕೊಂಡ್ಳು.

ತಲೀಗೆಲ್ಲಿ ಬಂತು? ಷೋಕೇಸಿಗೆ ಬಂತು. ಪ್ಲಾಸ್ಟಿಕ್ ಕವರ್ ಸಮೇತ, ಮ್ಯಾಲೆ ಶಾಲು, ಅದರ ಮ್ಯಾಲೆ ಹಾರ. ಬಂದ ಬಂದವ್ರಿಗೆಲ್ಲಾ ಕಾಜಿನ ಹೊರಗಿಂದ ತೋರಿಸಿದ. ಒಂದ ತಿಂಗಳು ಹಿಂಗ ಹೋತು. ನನ್ನ ಹೆಂಡ್ತಿ ಬೈದ್ಳು, ಅತ್ಳು, ಊಟಾ ಬಿಟ್ಳು. ಆಗ ಹೊರಗ ತಗದ. ತಗದು ಏನ್ ಮಾಡಿದ? ಕ್ಯಾರಿಯರ್‌ದಾಗ, ರೊಟ್ಟಿ ಡಬ್ಬಿ ಬಾಜೂಕ, ಹಗ್ಗಲೆ ಬಿಗಿದು ಕಟ್ಟಿದ.

"ಅಲ್ಲೋ, ತಲೀ ಮ್ಯಾಲೆ ಹಾಕ್ಕೊಳ್ಳೋ!" ಅಂದೆ.

"ನಿಮಗ ತಿಳಿಯೂದಿಲ್ಲ ಮಾಮಾ. ತಲೀ ಮ್ಯಾಲೆ ಹಾಕ್ಕೊಂಡು ಬಿದ್ದೆ ಅನ್ರಿ, ಹೆಲ್ಮೆಟ್ ಒಡೀತೈತಿ. ಎಂಥಾ ಮಂದಿ ಮುಂದ ಕೊಟ್ಟದ್ದದು!"

ನನಗ ನಗಬೇಕೋ ಅಳಬೇಕೋ ತಿಳೀಲಿಲ್ಲ. ನನ್ನ ಹೆಂಡ್ತಿ ಮಾತ್ರ ನಗಲಿಲ್ಲ. ಸೈಕಲ್ಲಿಗೆ ಅಡ್ಡ ನಿಂತು, ಅಂವನ ಕೈ ಜಗ್ಗಿ ತನ್ನ ತಲಿ ಮ್ಯಾಲೆ ಇಟ್ಕೊಂಡ್ಳು. "ನನ್ನ ಆಣಿ ಮಾಡು. ಒಡದ್ರ ಒಡೀಲಿ, ಹೆಲ್ಮೆಟ್ ಇನ್ನೊಂದ ಸಿಗತೈತಿ. ನೀ ಇನ್ನೊಬ್ಬ ನನಗ ಎಲ್ಲಿ ಸಿಗ್ತೀಯೋ?"

ಅಕ್ಕನ ಆಣಿ ಮುರಿಯೂ ಧೈರ್ಯ ಅಂವಗಿಲ್ಲ. ಹಲ್ಲ ಕಡಕೋಂತ ಹಾಕ್ಕೊಂಡ. ದಿನಾ ಮನಿಗೆ ಬಂದ ಕೂಡಲೆ ಕೈಕಾಲು ತೊಳಕೊಳ್ಳಾಕಿಂತ ಮೊದಲ ಅದನ್ನ ಒರಸ್ತಿದ್ದ.

ಮಳಿಗಾಲ ಚಾಲು ಆಗಿ ಎರಡನೇ ವಾರ. ಮಧ್ಯಾಹ್ನ ನಾಕ ಆಗಿತ್ತು. ಹೆಂಡ್ತಿ ನನಗ ಚಹಾ ತಗೊಂಡು ಅಂಗಡಿಗೆ ಬಂದಿದ್ಳು. ದೂರದಾಗ ಹೆಂಡ್ತಿ ತಮ್ಮ ಸೈಕಲ್ ನೂಕಿಕೋಂತ ಬರೂದು ಕಂಡ್ತು. ಮುಂದಿನ ಗಾಲಿ ಸೊಟ್ಟ. ಮೊಣಕೈ ಕೆತ್ತಿ ಹೋಗಿ ಅಂಗಿಗೆಲ್ಲಾ ರಗತ. ಹೆಲ್ಮೆಟ್ ಬಗಲಾಗ. ಒಂದ ಪಿಕಪ್ ಗಾಡಿ ಹಿಂದಿಂದ ತಾಗಿಸಿ ಹೋಗಿತ್ತಂತ. ಇಂವ ಹಾರಿ ಹೋಗಿ ರೋಡಿನ ದಂಡಿ ಕಲ್ಲಿಗೆ ತಲಿ ಹೊಡಕೊಂಡಿದ್ನಂತ.

ಚಹಾದ ಕಪ್ಪು ಅಲ್ಲೇ ಬಿತ್ತು. ನನ್ನ ಹೆಂಡ್ತಿ ಓಡಿ ಹೋಗಿ ಅಂವನ ತಲಿನ್ನ ಎರಡೂ ಕೈಲೆ ಹಿಡಕೊಂಡು, ಕೂದಲ ಸರಿಸಿ ಸರಿಸಿ ನೋಡಿದ್ಳು. ಹಿಂದ ನೋಡಿದ್ಳು, ಮುಂದ ನೋಡಿದ್ಳು. ಒಂದ ಗೀರು ಇಲ್ಲ, ಒಂದ ಬುಗುಟಿ ಇಲ್ಲ. ನಡು ರೋಡಿನ್ಯಾಗನ ಕುಂತು ಅಂವನ ತಲಿ ಎದಿಗೆ ಅವಚಿಕೊಂಡು ಗೊಳೋ ಅಂತ ಅತ್ಳು. ನನಗೂ ಕಣ್ಣ ತುಂಬಿ ಬಂದು, ಮಾರಿ ಆಕಡಿ ಮಾಡಿದೆ.

ಅಂವ ಮಾತ್ರ ಸಿಟ್ಟಿಲೆ ಕೆಂಪಗಾಗಿದ್ದ. ಅಕ್ಕನ ಕೈಯಿಂದ ತಲಿ ಬಿಡಿಸಿಕೊಂಡು, ಹಣಿಯಿಂದ ಹಿಂದಿನ ತನಕಾ ಸೀಳಿ ಎರಡಾದ ಹೆಲ್ಮೆಟ್ ಆಕಿ ಉಡಿಯೊಳಗ ಒಗದ.

"ನಾ ಬಡಕೊಂಡೆ ಬಡಕೊಂಡೆ, ಹಾಕ್ಕೊಂಡ್ರ ಒಡೀತೈತಿ ಅಂತ. ಕೇಳಿದ್ಯಾ ನೀ?"