ತೂತೇ ಬೀಳದ ಗುಂಡು

ವರ್ಲಿನ್: ಖಾಲಿ ಮಾಡು ಅಂದ್ರೆ ಮಾಡು. ಆ ಕೋಣೇಲಿ ಇರೋದಾದ್ರೂ ಏನು? ಒಂದು ಹೊಲಿಗೆ ಯಂತ್ರ, ನಾಲ್ಕು ಚಿಂದಿ ಗಂಟು.

ಮಾವಿಸ್: ಇಲ್ಲಿ ಇರೋದೇನು? ಒಂದು ಹಿತ್ತಾಳೆ ರಾಶಿ, ಒಬ್ಬ ಗಂಡ. ಚಿಂದಿ ಗಂಟಾದ್ರೂ ಬಾಯಿ ಮುಚ್ಕೊಂಡಿರುತ್ತೆ.

ನೆಬ್ರಾಸ್ಕಾದ ನಮ್ಮ ಮರಳುಗುಡ್ಡದ ಸೀಮೆಯಲ್ಲಿ ಚಳಿಗಾಲ ಬಂತೆಂದರೆ ಗಂಡಸರಿಗೆ ಎರಡೇ ಕೆಲಸ: ದನಕ್ಕೆ ಹುಲ್ಲು ಹಾಕುವುದು, ಕಾಯೋಟಿಗೆ ಗುಂಡು ಹಾಕುವುದು. ಕಾಯೋಟಿ ಅಂದರೆ ತೋಳಕ್ಕೆ ತಮ್ಮ, ನರಿಗೆ ಅಣ್ಣ. ಎಳೆಗರುವಿಗೆ ಬಾಯಿ ಹಾಕುತ್ತದೆ, ಅದರ ತುಪ್ಪಳದ ಚರ್ಮಕ್ಕೆ ಒಳ್ಳೆಯ ಬೆಲೆಯಿದೆ. ಎಲ್ಲರೂ ಅಂಗಡಿಯಿಂದ ತೋಟಾ ತಂದು ಹೊಡೆಯುತ್ತಾರೆ. ವರ್ಲಿನ್ ಹ್ರುಸ್ಕಾನಿಗೆ ಮಾತ್ರ ಅದು ಆಗದು. ಹಾರಿಸಿದ ತೋಟಾದ ಹಿತ್ತಾಳೆ ಕೊಳವೆಗಳನ್ನು ಹುಲ್ಲಿನಲ್ಲಿ ಹುಡುಕಿ ತಂದು, ಬೆಳಗಿ, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಮೇಜಿಗೆ ತಿರುಪು ಹಾಕಿ ಕೂರಿಸಿದ ಯಂತ್ರದಲ್ಲಿ ಮೇಲೊಂದು ಗುಂಡು ಒತ್ತಿ ತಾನೇ ತಯಾರಿಸಬೇಕು. ಇಷ್ಟಕ್ಕೂ ಅಡುಗೆಮನೆಯ ಮೇಜೇ ಕಾರ್ಖಾನೆ. ಅದೇ ಮೇಜಿನಲ್ಲಿ ಉಳಿದ ಒಂದು ಗೇಣು ಜಾಗದಲ್ಲಿ ಅವನ ಹೆಂಡತಿ ಮಾವಿಸ್ ಹಿಟ್ಟು ನಾದುತ್ತಿದ್ದಳು.

ವರ್ಲಿನ್: ಶ್! ಉಸಿರು ಬಿಡಬೇಡ. ತಕ್ಕಡಿ ಅಲ್ಲಾಡುತ್ತೆ.

ಮಾವಿಸ್: ಬೆಳಿಗ್ಗೆ ನೀನೇ ಹೀಟರ್ ಆರಿಸಿದೆ, ಅದರ ಗಾಳಿಗೆ ಅಲ್ಲಾಡುತ್ತೆ ಅಂತ. ಈಗ ನಾನೂ ಆರಿಹೋಗಲಾ?

ವರ್ಲಿನ್: ಒಂದು ಕಾಳು ಮದ್ದು ಹೆಚ್ಚುಕಮ್ಮಿ ಆದ್ರೂ ಲೆಕ್ಕ ಕೆಟ್ಟುಹೋಗುತ್ತೆ. ನಿನಗೇನು ಗೊತ್ತು?

ಮಾವಿಸ್: ನಿನ್ನೆ ನೀನು ಸೂಪಿಗೆ ಎರಡು ಸಲ ಉಪ್ಪು ಸುರ್ಕೊಂಡು ಕುಡಿದೆ, ಗೊತ್ತಾಗ್ಲಿಲ್ಲ. ಮದ್ದಿನ ಕಾಳು ಮಾತ್ರ ಗೊತ್ತಾಗ್ಬಿಡುತ್ತೆ! ಅದಿರಲಿ, ನನ್ನ ಜರಡಿ ಎಲ್ಲಿ?

ವರ್ಲಿನ್: ಯಾವ ಜರಡಿ?

ಮಾವಿಸ್: ಹಿಟ್ಟಿನ ಜರಡಿ.

ವರ್ಲಿನ್: ಓ, ಅದಾ... ಕೊಳವೆಗಳನ್ನ ಜೋಳದ ದಿಂಡಿನ ಪುಡೀಲಿ ಹೊರಳಿಸಿ ಬೆಳಗ್ತೀನಲ್ಲ, ಆಮೇಲೆ ಪುಡಿ ಬೇರೆ ಮಾಡೋಕೆ ಏನಾದ್ರೂ ಬೇಕಲ್ಲ...

ಮಾವಿಸ್: ಹಾಗಾದ್ರೆ ಕ್ರಿಸ್ಮಸ್ ಕೇಕಲ್ಲಿ ಹಲ್ಲಿಗೆ ಸಿಕ್ಕಿದ್ದು ಬಾದಾಮಿ ಚೂರಲ್ಲ!

ವರ್ಲಿನ್: ಪಾದ್ರಿಗಳು ಇನ್ನೊಂದು ಸಲ ಹಾಕಿಸ್ಕೊಂಡ್ರಲ್ಲ, ಬಿಡು.

ಮಾವಿಸ್ ಹಿಟ್ಟಿನ ಮುದ್ದೆಯನ್ನು ಎತ್ತಿ ಕುಕ್ಕಿದಳು. ತಕ್ಕಡಿಯ ಮುಳ್ಳು ಕುಣಿಯಿತು. ವರ್ಲಿನ್ ತೂಗಿದ ಮದ್ದನ್ನು ಡಬ್ಬಿಗೆ ವಾಪಸು ಸುರಿದು, ನಿಟ್ಟುಸಿರುಬಿಟ್ಟು ಮತ್ತೆ ಮೊದಲಿಂದ ಶುರುಮಾಡಿದ.

ವರ್ಲಿನ್: ನೋಡಿದ್ಯಾ? ಅದಕ್ಕೇ ನನಗೊಂದು ಕೋಣೆ ಬೇಕು ಅಂತಿರೋದು. ತೂತು ಬೀಳದ ಹಾಗೆ ಕಾಯೋಟಿ ಹೊಡೆಯೋ ಗುಂಡು ಈ ಸೀಮೇಲಿ ಯಾರ ಹತ್ರ ಇದೆ? ಆ ನೆರೆಮನೆ ಓಟೋ ಬ್ರಾಂಟ್ ನೋಡು, ಹಾರ್ಡ್‌ವೇರ್ ಅಂಗಡೀಲಿ ಮೊಳೆ ಜೊತೆ ತೋಟಾನೂ ತರ್ತಾನೆ. ಥೂ! ಅದು ಈ ಕಡೆ ಕಿಟಕೀಲಿ ಹೊಕ್ಕು ಆ ಕಡೆ ಬಾಗಿಲು ಒಡ್ಕೊಂಡು ಹೋಗುತ್ತೆ.

ಮಾವಿಸ್: ನಿನ್ನದು?

ವರ್ಲಿನ್: ನನ್ನದು ಒಳಗೆ ಹೋಗಿ ಪುಡಿಪುಡಿ. ಹೊರಗೆ ಬರೋ ಮಾತೇ ಇಲ್ಲ.

ಮಾವಿಸ್: ಮೊನ್ನೆ ಗಾಡಿಯಿಂದ ಇಳಿಸಿದ್ಯಲ್ಲ, ಆ ಗಂಡು ಕಾಯೋಟಿ? ಪಕ್ಕೆ ತುಂಬ ರಕ್ತ ಇತ್ತು.

ವರ್ಲಿನ್: ರಕ್ತ ಮೆತ್ಕೊಂಡ್ರೆ ದೊಡ್ಡದಾಗಿ ಕಾಣುತ್ತೆ ಕಣೇ. ನೀನು ತೊಳೆದು ಒಣಗಿಸಿದ ಮೇಲೆ ನಾನೇ ನೋಡಿದೆ. ಎಲ್ಲಿತ್ತು ತೂತು? ಎಲ್ಲಾ ವೇಗದ ಮಹಿಮೆ! ಅಷ್ಟು ವೇಗವಾಗಿ ಗುಂಡು ಹೋದ್ರೆ ಚರ್ಮಕ್ಕೆ ಗೊತ್ತೇ ಆಗಲ್ಲ. ತಾನಾಗಿ ಕೂಡ್ಕೊಂಡುಬಿಡುತ್ತೆ.

ಮಾವಿಸ್: ತಾನಾಗಿ.

ವರ್ಲಿನ್: ತಾನಾಗಿ. ಅದು ವಿಜ್ಞಾನ.

ಮಾವಿಸಳ ಕೈ ಹಿಟ್ಟಿನೊಳಗೇ ನಿಂತಿತು. ಅವಳಪ್ಪ ಬೋನಿಟ್ಟು ಪ್ರಾಣಿ ಹಿಡಿದು ಬದುಕಿದವನು. ಹಾಗಾಗಿ ಈ ಮನೆಯಲ್ಲಿ ಚರ್ಮ ಸುಲಿಯುವುದು, ತೊಳೆಯುವುದು, ಹಲಗೆಗೆ ಎಳೆದು ಒಣಗಿಸುವುದು ಎಲ್ಲಾ ಅವಳ ಪಾಲು. ನಮ್ಮ ಗುಂಡಿನ ಪಂಡಿತ ಆ ವಾಸನೆಗೆ ಮೂಗು ಮುಚ್ಚಿಕೊಂಡು ಓಡುತ್ತಾನೆ. ತುಪ್ಪಳ ಮೇಲೆ ಮಾಡಿ, ಬಾಚಿ, ಗೋಡೆಗೆ ನೇತುಹಾಕಿದ ಮೇಲೆ ಬಂದು ಎದೆಯುಬ್ಬಿಸಿ ನೋಡುತ್ತಾನೆ, ಅಷ್ಟೆ.

ಮಾವಿಸ್: ಆ ಕೋಣೆ ಬಿಟ್ರೆ ಈ ಮನೇಲಿ ನನ್ನದು ಅನ್ನೋ ಜಾಗ ಇಲ್ಲ, ವರ್ಲಿನ್. ಅದನ್ನ ಕೊಡಲ್ಲ.

ವರ್ಲಿನ್: ಇವತ್ತು ಚರ್ಮ ಕೊಳ್ಳೋ ಗಾರ್ತ್ ಬರ್ತಾನೆ. ಅವನನ್ನೇ ಕೇಳೋಣ. ನನ್ನ ಗುಂಡಿಂದಲೇ ಈ ಚರ್ಮಕ್ಕೆ ಬೆಲೆ ಅಂದ್ರೆ ಕೋಣೆ ನನ್ನದು.

ಮಾವಿಸ್: ಅಲ್ಲ ಅಂದ್ರೆ?

ವರ್ಲಿನ್: ಅಲ್ಲ ಅಂದ್ರೆ ಈ ಗುಂಡಿನ ಯಂತ್ರ, ತಕ್ಕಡಿ, ಎಲ್ಲಾ ಕೊಟ್ಟಿಗೆಗೆ. ಮತ್ತೆ ಈ ಹೊಸ್ತಿಲು ದಾಟಿಸಲ್ಲ.

ಮಾವಿಸ್: ಮಾತು?

ವರ್ಲಿನ್: ಮಾತು ಅಂದ್ರೆ ಮಾತು. ನೀನು ಈಗಲೇ ಗಂಟು ಕಟ್ಟು.

ಅಷ್ಟರಲ್ಲಿ ಅಂಗಳದಲ್ಲಿ ಗಾಡಿ ನಿಂತಿತು. ಗಾರ್ತ್ ಪೆಲ್ಕಿ ಬೂಟಿನ ಹಿಮ ಝಾಡಿಸಿ ಒಳಗೆ ಬಂದ. ಊರೂರು ಸುತ್ತಿ ಚರ್ಮ ಕೊಳ್ಳುವವನು, ಹೊಗಳಿದರೆ ಬೆಲೆ ಏರೀತೆಂದು ಎಂದೂ ಬಾಯಿಬಿಟ್ಟು ಹೊಗಳದ ಆಸಾಮಿ. ಗೋಡೆಯ ಚರ್ಮಗಳನ್ನು ಒಂದೊಂದಾಗಿ ಇಳಿಸಿ, ತುಪ್ಪಳ ಊದಿ ಊದಿ ನೋಡಿದ.

ಗಾರ್ತ್: ಇಲ್ಲಿ ಸಿಗೋ ಅಂಥ ಮಾಲು ಬೇರೆಲ್ಲೂ ಸಿಗಲ್ಲ. ಒಪ್ಕೊಂಡೆ.

ವರ್ಲಿನ್: ಕೇಳಿದ್ಯಾ, ಮಾವಿಸ್? ತೂತು ಇದ್ಯಾ ಗಾರ್ತ್? ಜೋರಾಗಿ ಹೇಳು.

ಗಾರ್ತ್: ತುಪ್ಪಳದ ಮೇಲೆ ನೋಡಿದ್ರೆ ಎಲ್ಲೂ ಕಾಣಲ್ಲ. ಏನು ನಾಜೂಕು ಕೈಕೆಲಸ ಮಾರಾಯ! ಇದು ಯಾರ ಕೈ ಅಂತ ಕೇಳ್ಬೇಕು ಅಂತಲೇ ಬಂದೆ.

ವರ್ಲಿನ್: (ಬಲಗೈ ಚಾಚಿ) ಇದೇ ಕೈ.

ಗಾರ್ತ್: ನಿನ್ನದಾ? ಇಷ್ಟು ದಪ್ಪ ಬೆರಳಲ್ಲಿ?

ವರ್ಲಿನ್: ಬೆರಳಲ್ಲಿ ಏನಿದೆ? ತಾಳ್ಮೆ ಬೇಕು.

ಗಾರ್ತ್: ನಿಜ. ಒಂದೊಂದೂ ಒಂದೇ ಸಮ ಇದೆ, ಕೂದಲೆಳೆ ವ್ಯತ್ಯಾಸ ಇಲ್ಲ. ಹೇಗೆ ಮಾಡ್ತೀಯ?

ವರ್ಲಿನ್: ಒಂದೊಂದನ್ನೂ ತೂಗ್ತೀನಿ.

ಗಾರ್ತ್: ತೂಗ್ತೀಯ? ಇದರಲ್ಲಿ ತೂಗೋದೇನಿದೆ?

ವರ್ಲಿನ್: ಅಲ್ಲೇ ಇರೋದು ಗುಟ್ಟು! ಅಂಗಡಿಯವರು ತೂಗಲ್ಲ. ಮೊದಲು ಕೇಪು, ಆಮೇಲೆ ಮದ್ದು...

ಗಾರ್ತ್: ತಡಿ ತಡಿ. ಹೊಲಿಗೆಗೆ ಮದ್ದು ಯಾಕಯ್ಯ?

ವರ್ಲಿನ್: ಹೊಲಿಗೆಗೆ ಯಾರು ಹಾಕ್ತಾರೆ?

ಗಾರ್ತ್: ನಾನು ಹೊಗಳ್ತಿರೋದೇ ಹೊಲಿಗೇನ!

ಗಾರ್ತ್ ಆ ಗಂಡು ಕಾಯೋಟಿಯ ಚರ್ಮವನ್ನು ಕಾಲುಚೀಲ ತಿರುಗಿಸುವಂತೆ ಒಳಹೊರಗು ಮಾಡಿ ಮೇಜಿನ ಮೇಲೆ ಹಾಸಿದ. ಪಕ್ಕೆಯ ಉದ್ದಕ್ಕೂ ಮೇಣದ ನೂಲಿನ ಹೊಲಿಗೆ, ಇರುವೆ ಸಾಲಿನಂತೆ. ವರ್ಲಿನ್ ಕನ್ನಡಕ ಹಾಕಿ ನೋಡಿದ, ತೆಗೆದು ನೋಡಿದ.

ವರ್ಲಿನ್: ಇದೇನಿದು?

ಮಾವಿಸ್: ವಿಜ್ಞಾನ. ಚರ್ಮ ತಾನಾಗಿ ಕೂಡ್ಕೊಂಡಿದೆ ನೋಡು, ನೂಲಿನ ಸಮೇತ.

ವರ್ಲಿನ್: ನೀನಾ! ಯಾವಾಗಿಂದ?

ಮಾವಿಸ್: ನೀನು ಗುಂಡು ಮಾಡೋಕೆ ಶುರು ಮಾಡಿದ ದಿನದಿಂದ. ಮೊದಲು ಬಂದ ಚರ್ಮದ ತೂತಲ್ಲಿ ನಮ್ಮ ಬೆಕ್ಕು ಆರಾಮವಾಗಿ ಆಚೆ ಈಚೆ ಓಡಾಡ್ತು.

ವರ್ಲಿನ್: ಮತ್ತೆ ಹೇಳ್ಲೇ ಇಲ್ಲ?

ಮಾವಿಸ್: ಒಳಮೈ ತಿರುಗಿಸಿ ನೋಡೋಕೆ ನಿನಗೇನು ಬಂದಿತ್ತು? ಚಿಂದಿ ಗಂಟಿನ ಕೋಣೇಲಿ ಏನು ಕೆಲಸ ನಡೆಯುತ್ತೆ ಅಂತ ಒಂದು ದಿನ ಕೇಳಿದ್ಯಾ? ಕೋಣೆ ಬೇಕು ಅಂತ ಮಾತ್ರ ಕೇಳ್ದೆ.

ಗಾರ್ತ್: ಅಮ್ಮಾ, ಹಾಗಾದ್ರೆ ಇದು ನಿಮ್ಮ ಕೈ! ಇದೇ ಹೊಲಿಗೆ, ಇದೇ ಗಂಟು ಓಟೋ ಬ್ರಾಂಟನ ಚರ್ಮದಲ್ಲೂ ಇತ್ತು. ಅದೂ ನಿಮ್ಮದೇನಾ?

ಮಾವಿಸ್: ನನ್ನದೇ. ಓಟೋ ಹಿತ್ತಲ ಬಾಗಿಲಿಗೆ ತಂದುಕೊಡ್ತಾನೆ. ತೂತಾಗಿದೆ ಮಾವಿಸ್, ಸ್ವಲ್ಪ ಹೊಲಿದುಕೊಡು ಅಂತ ಬಾಯಿಬಿಟ್ಟು ಹೇಳ್ತಾನೆ. ವೇಗ ಗೀಗ ಅನ್ನಲ್ಲ.

ಇದನ್ನು ಕೇಳಿ ವರ್ಲಿನ್‌ನ ಮುಖ ನಿಧಾನವಾಗಿ ಅರಳಿತು. ನಾಚಿಕೆ ಎಂಬುದು ಆ ಮುಖದ ದಾರಿ ಹಿಡಿದು ಬಂದದ್ದು, ಅರ್ಧದಲ್ಲೇ ವಾಪಸು ಹೋಯಿತು.

ವರ್ಲಿನ್: ಅಂದ್ರೆ ಓಟೋನದೂ ತೂತು! ಹಹ್ಹಾ! ನಾನು ಹೇಳ್ಲಿಲ್ವಾ? ಅಂಗಡಿ ತೋಟಾ! ಬಾಗಿಲು ಒಡ್ಕೊಂಡು ಹೋಗುತ್ತೆ ಅಂತ ಹೇಳ್ಲಿಲ್ವಾ?

ಮಾವಿಸ್: ತೂತೇನೋ ಹೌದು. ಅವನದಕ್ಕೆ ಗೇಣು ನೂಲು ಸಾಕು. ನಿನ್ನದಕ್ಕೆ ಮೊಳ ಬೇಕು.

ಗಾರ್ತ್ ಮಾವಿಸ್ ಕೊಟ್ಟ ಕಾಫಿ ಲೋಟದೊಳಗೆ ಮುಖ ಅಡಗಿಸಿಕೊಂಡ. ವರ್ಲಿನ್ ಮೇಜಿನ ಕೆಳಗೆ ಬಗ್ಗಿ ಗುಂಡಿನ ಯಂತ್ರದ ತಿರುಪು ಬಿಚ್ಚತೊಡಗಿದ. ಯಂತ್ರ ಎದೆಗವಚಿಕೊಂಡು, ಮೇಲೆ ತಕ್ಕಡಿ, ತಕ್ಕಡಿಯ ಮೇಲೆ ಜರಡಿ ಇಟ್ಟುಕೊಂಡು ಬಾಗಿಲವರೆಗೆ ಹೋದವನು ಅಲ್ಲಿ ತಿರುಗಿ ನಿಂತ.

ವರ್ಲಿನ್: ಕೊಟ್ಟಿಗೇಲಿ ಗಾಳಿ ಬೀಸುತ್ತೆ ಕಣೇ. ತಕ್ಕಡಿ ನಿಲ್ಲಲ್ಲ.

ಮಾವಿಸ್: ನಿಲ್ಲದಿದ್ರೆ ಏನು ಮುಳುಗಿಹೋಯ್ತು? ಹೊಲಿಯೋಕೆ ನಾನಿದೀನಲ್ಲ. ಆ ಜರಡಿ ಇಲ್ಲಿಟ್ಟು ಹೋಗು.